ಶೆಲ್ಲು ಕದ್ದವನು

ಗಂಗಾಧರಸ್ವಾಮಿ ಬಗ್ಗಿ ಹೆಣದ ಕೊರಳಿಗೆ ಹಾರ ಹಾಕಬೇಕು ಅನ್ನುವಷ್ಟರಲ್ಲಿ ಪುಟ್ಟಮಾದಮ್ಮ ಅವನ ಕೈ ಹಿಡಿದುಕೊಂಡಳು.

“ಮೊದ್ಲು ಮಾತಾಡಿ. ಆರ ಆಮೇಲೆ ಆಕೀರಂತೆ.”

ಗೋಡೆಗೆ ಒರಗಿಸಿ ಕೂರಿಸಿದ್ದ ಸಣ್ಣಯ್ಯನ ಸುತ್ತ ಅಳುತ್ತಿದ್ದ ಹೆಂಗಸರು ತಲೆಯೆತ್ತಿದರು. ತಿ. ನರಸೀಪುರದ ಬಸ್ ಸ್ಟ್ಯಾಂಡ್ ಎದುರು ಮೋಟಾರು, ಮಿಕ್ಸಿ, ಈಚೆಗೆ ಬ್ಯಾಟರಿ ಡ್ರಿಲ್ ಮಿಷಿನ್ನುಗಳನ್ನೂ ರಿಪೇರಿ ಮಾಡಿಕೊಂಡಿದ್ದ ಪುಟ್ಟಮಾದಮ್ಮನ ಗಂಡ ಸಣ್ಣಯ್ಯ ಹಿಂದಿನ ದಿನ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ. ಹಾರ ತಂದವನು ಊರಿನ ಕಟ್ಟಡ ಕಂಟ್ರಾಕ್ಟರು. ಅಂಗಳದಲ್ಲಿದ್ದ ಗಂಡಸರಲ್ಲಿ ಅರ್ಧದಷ್ಟು ಜನ ಅವನ ಕೆಲಸಕ್ಕೆ ಹೋಗುವವರು. ಪುಟ್ಟಮಾದಮ್ಮನ ತಮ್ಮ ಮಾದುವೇ ಅವನ ಮೇಸ್ತ್ರಿ.

“ಬುಡಕ್ಕ, ಈ ಒತ್ನಲ್ಲಿ ಇದೆಲ್ಲ ಯಾಕೆ?” ಎಂದ ಮಾದು.

“ಇನ್ಯಾವ ಒತ್ನಲ್ಲಿ? ಮಣ್ಣು ಮಾಡಿದ್ಮೇಲಾ?”

*

ಗಂಗಾಧರಸ್ವಾಮಿಯ ಡ್ರಿಲ್ ಮಿಷಿನ್ನು ಮೊದಲ ಸಲ ಅಂಗಡಿಗೆ ಬಂದಾಗ ಬ್ಯಾಟರಿ ಬೇಗ ಇಳಿಯುತ್ತದೆ ಎಂಬ ದೂರಿತ್ತು. ಸಣ್ಣಯ್ಯ ಬ್ಯಾಟರಿ ಬಿಚ್ಚಿ, ಸತ್ತಿದ್ದ ಶೆಲ್ಲುಗಳನ್ನು ತೆಗೆದು, ಮೈಸೂರಿನಿಂದ ತಂದ ಹೊಸವನ್ನು ಹಾಕಿಕೊಟ್ಟ. ವಾರ ಕಳೆಯುವುದರೊಳಗೆ ಕಂಟ್ರಾಕ್ಟರು ತಿರುಗಿ ಬಂದ. ಬೈಕಿನಿಂದ ಇಳಿಯಲೂ ಇಲ್ಲ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡುವಂತೆ ಕೂಗಿದ.

“ನನ್ ಒಳ್ಳೇ ಶೆಲ್ ಕಿತ್ಕೊಂಡು ಕೆಟ್ಟಿರೋ ಶೆಲ್ ತುಂಬಿದ್ಯಲ್ಲೋ, ಕಳ್ ನನ್ಮಗ್ನೆ.”

ಬೈಕಿನ ಮೇಲಿಂದಲೇ ಮಿಷಿನ್ನನ್ನು ಅಂಗಡಿ ಮುಂದಿನ ಟೇಬಲ್ಲಿನ ಮೇಲೆ ಎಸೆದು ಹೋದ. ಪಕ್ಕದ ಟೀ ಅಂಗಡಿಯಲ್ಲಿದ್ದ ಮಾದು ಗ್ಲಾಸಿನೊಳಗೆ ನೋಡುತ್ತ ನಿಂತಿದ್ದ.

ಆ ಮಧ್ಯಾಹ್ನವೇ ಅಪ್ಪ ಮಗಳು ಕೂತು ಅದನ್ನು ಬಿಚ್ಚಿದರು. ಪಿಯುಸಿ ಮುಗಿಸಿ ಅಂಗಡಿಗೇ ಬರುತ್ತಿದ್ದ ರೋಜಾ ಬ್ಯಾಟರಿಗೆ ಮೀಟರು ಹಿಡಿದಳು. ಸಣ್ಣಯ್ಯ ಗುಂಡಿ ಒತ್ತಿದ. ಮೋಟಾರು ಒಮ್ಮೆ ಗುಂಯ್ ಎಂದು ನಿಂತಿತು. ಮೀಟರಿನ ಮುಳ್ಳು ಮಾತ್ರ ಇಳಿಯಲಿಲ್ಲ.

“ಶೆಲ್ ಚೆನ್ನಾಗವೆ ಅಪ್ಪ. ಕರೆಂಟು ಮೋಟಾರ್ಗೇ ಓಯ್ತಿಲ್ಲ.”

ಅದೇ ಬ್ಯಾಟರಿಯಿಂದ ನೇರವಾಗಿ ತಂತಿ ಕೊಟ್ಟರೆ ಮೋಟಾರು ಜೋರಾಗಿ ತಿರುಗಿತು. ಉಳಿದದ್ದು ಸ್ವಿಚ್ಚು. ಅದರೊಳಗೆಲ್ಲ ಸಿಮೆಂಟಿನ ಧೂಳು. ಕಾಂಟ್ಯಾಕ್ಟುಗಳು ಸುಟ್ಟು ಕಪ್ಪಾಗಿದ್ದವು. ಸಣ್ಣಯ್ಯ ಬೇರೊಂದು ಹಳೇ ಮಿಷಿನ್ನಿನ ಸ್ವಿಚ್ಚು ಕೂರಿಸಿದ. ಡ್ರಿಲ್ಲು ಹಲಗೆಯನ್ನು ತೂತು ಮಾಡಿ ಆಚೆ ಬಂತು.

“ಈಗ್ಲೇ ಓಗಿ ಅವ್ನ್ ಮುಖಕ್ಕೆ ತೋರ್ಸು,” ಎಂದಳು ರೋಜಾ.

“ನಾನ್ಯಾಕೆ ಓಗ್ಲಿ? ಕಳ್ಳ ಅಂದೋನು ಅವ್ನು. ಅವ್ನೇ ಬರ್ಲಿ.”

“ಅವ್ನು ಬರಕಿಲ್ಲ ಅಪ್ಪ.”

“ಅಂಗಾರೆ ಇಲ್ಲೇ ಬಿದ್ದಿರ್ಲಿ.”

ಅವನು ಬರಲಿಲ್ಲ. ಬೇರೆ ಗಿರಾಕಿಗಳೂ ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದರು. ಸಣ್ಣಯ್ಯ ದಿನಾ ಬಾಗಿಲು ತೆಗೆದು ಕೂರುತ್ತಿದ್ದ. ಹೊರಗೆ ಬೈಕು ನಿಂತ ಸದ್ದಾದಾಗಲೆಲ್ಲ ತಲೆಯೆತ್ತುತ್ತಿದ್ದ. ನೀನು ಹೋಗದಿದ್ದರೆ ನಾನೇ ಹೋಗುತ್ತೇನೆಂದು ರೋಜಾ ಹೊರಟಾಗ, ಹೋದರೆ ಮತ್ತೆ ಅಂಗಡಿ ಮೆಟ್ಟಿಲು ಹತ್ತಬೇಡ ಅಂದಿದ್ದ. ಅಪ್ಪನ ಆ ಹಟದ ಮೇಲೆ ಅವಳಿಗೆ ಈಗಲೂ ಸಿಟ್ಟಿತ್ತು.

*

ರೋಜಾ ರಾತ್ರಿಯೇ ಅಂಗಡಿಯಿಂದ ತಂದಿಟ್ಟಿದ್ದ ಮಿಷಿನ್ನನ್ನು ಒಳಗಿನಿಂದ ತಂದು ಗಂಗಾಧರಸ್ವಾಮಿಯ ಕೈಗೆ ತುರುಕಿದಳು.

“ಒತ್ತಿ.”

ಅವನು ಸುತ್ತ ನೋಡಿ ಒತ್ತಿದ. ಸಾವಿನ ಮನೆಯ ತುಂಬ ಅದರ ಸದ್ದು ಹರಡಿತು.

“ಅಪ್ಪ ಆಕಿದ್ ಶೆಲ್ಲೇ ಅವು. ಕೆಟ್ಟಿದ್ದು ಸ್ವಿಚ್ಚು.”

“ಆಯ್ತು ಕಣಮ್ಮ,” ಎಂದ ಅವನು, ಪಕ್ಕದವರಿಗೂ ಕೇಳಿಸದ ಹಾಗೆ. “ಏನೋ ಸಿಟ್ನಲ್ಲಿ ಅಂದ್ಬುಟ್ಟೆ.”

“ಅವತ್ತು ಇಷ್ಟು ಮೆತ್ಗೆ ಅಂದಿರ್ಲಿಲ್ಲ ನೀವು.”

“ಸಾವಿನ ಮನೆ ಅಂತ ತಡ್ಕೊಂಡಿದೀನಿ.” ಹಾರವನ್ನು ಚಾಪೆಯ ಮೇಲೆ ಬಿಟ್ಟು, ಮಿಷಿನ್ನನ್ನು ಕಂಕುಳಿಗೆ ಸೇರಿಸಿ ಹೊರಟ. ಬೀದಿಗೆ ಇಳಿದು ತಿರುಗಿದ. “ಮಾದು, ನಾಳೆ ಮೋಲ್ಡಿಂಗ್ ಐತೆ. ಬೇಗ ಬಾ.”

“ಬತ್ತೀನಿ ಸಾ.”

ಪುಟ್ಟಮಾದಮ್ಮ ತಮ್ಮನ ಎದುರಿಗೆ ಬಂದು ನಿಂತಳು. “ನಿನ್ ಭಾವನ್ನ ಕಳ್ಳ ಅಂದಾಗ ಟೀ ಕುಡ್ಕೊಂಡ್ ನಿಂತಿದ್ದೆ. ಈಗ ಬತ್ತೀನಿ ಸಾ ಅಂತೀಯಾ? ಅವ್ರ ಚಟ್ಟ ಮುಟ್ಬೇಡ ಕಣ್ಲಾ ನೀನು.”

ಆದರೂ ಮಾದು ಚಟ್ಟ ಎತ್ತುವಾಗ ಮುಂದಿನ ಬಿದಿರಿಗೆ ಹೆಗಲು ಕೊಟ್ಟ. ಅವಳು ಮುಖ ತಿರುಗಿಸಿಕೊಂಡಳು.

ತಮಟೆಯವರು ಹೊಳೆಯ ಕಡೆ ತಿರುಗಿದರು. ಮಾದು ತಿರುಗಲಿಲ್ಲ, ಬಸ್ ಸ್ಟ್ಯಾಂಡ್ ಕಡೆಗೆ ನೇರ ನಡೆದ. ಹೊತ್ತವರು ಎಡವಿದರು.

“ದಾರಿ ಇತ್ಲಾಗೆ ಕಣ್ಲಾ,” ಎಂದ ಹಿಂದಿದ್ದ ಮುದುಕ ರಾಚಯ್ಯ.

“ಗೊತ್ತು. ನಡೀರಿ.”

ಬಸ್ ಸ್ಟ್ಯಾಂಡಿನ ಎದುರು ಮಾದು ಚಟ್ಟ ಇಳಿಸಲು ಹೇಳಿದ. ಟೀ ಅಂಗಡಿಯಲ್ಲಿ ಕೂತಿದ್ದವರು ಎದ್ದು ನಿಂತರು. ಮಾದುವಿನ ಕತ್ತಿನ ನರ ಉಬ್ಬಿತು.

“ನಮ್ ಭಾವ ಶೆಲ್ ಕದ್ದಿರ್ಲಿಲ್ಲ. ಸ್ವಿಚ್ ಓಗಿತ್ತು. ಗಂಗಾಧರಸ್ವಾಮಿ ಅಂದಿದ್ದು ಸುಳ್ಳು.”

ಹೊರಡಲಿದ್ದ ಮೈಸೂರು ಬಸ್ಸಿನ ಗದ್ದಲದಲ್ಲಿ ಅವನ ಮಾತು ಅರ್ಧ ಮುಳುಗಿತು. ಕಿಟಕಿಗಳಿಂದ ತಲೆಗಳು ಹೊರಬಂದವು. ಡ್ರೈವರು ಚಟ್ಟವನ್ನೂ ಅದರ ಮುಂದೆ ನಿಂತವನನ್ನೂ ನೋಡಿ ಎಂಜಿನ್ ಆಫ್ ಮಾಡಿದ.

ಮಾದು ಅದನ್ನೇ ಇನ್ನೊಮ್ಮೆ, ಮೊದಲಿನಿಂದ ಹೇಳತೊಡಗಿದ.