ಮೂಲೆ ಕತ್ತರಿಸದ ಷೇರು

ಹಾಸಿಗೆ ಕಾರ್ಖಾನೆಯಲ್ಲಿ ದುಡಿಯುವವರಿಗೆ ಬೇರೆಯವರಿಗಿಂತ ಹೆಚ್ಚು ಕನಸು ಬೀಳುತ್ತದೋ ಏನೋ, ಹೇಳುವುದು ಕಷ್ಟ. ಆದರೆ ಅಂಚು ಹೊಲಿಯುವ ನಮ್ಮ ಈ ಹೆಂಗಸಿಗಂತೂ ಹಾಡುಹಗಲೇ, ಕಣ್ಣು ತೆರೆದಿದ್ದಾಗಲೇ, ಕೈ ಮಷೀನಿನ ಮೇಲಿದ್ದಾಗಲೇ ಕನಸು ಬೀಳುತ್ತಿತ್ತು. ಎತ್ತರದ ಕಿಟಕಿಯಿಂದ ಬಿಸಿಲು ಓರೆಯಾಗಿ ಇಳಿಯುತ್ತಿತ್ತು. ಹತ್ತಿಯ ಎಳೆಗಳು ತೇಲುತ್ತಾ ಆ ಬಿಸಿಲೊಳಗೆ ಬಂದು ಹೊಳೆದು, ಆಚೆ ಹೋಗಿ ಮಾಯವಾಗುತ್ತಿದ್ದವು. ಮಷೀನು ಗುಂಯ್ ಎನ್ನುತ್ತಿತ್ತು. ಅವಳ ಮನಸ್ಸು ಮೆಲ್ಲಗೆ ಎದ್ದು, ಗೇಟು ದಾಟಿ, ಎರಡು ಬೀದಿ ಆಚೆಗಿನ ಕಟಿಂಗ್ ಅಂಗಡಿಗೆ ಹೋಗಿ ಕೂರುತ್ತಿತ್ತು.

ಆ ಅಂಗಡಿಯಲ್ಲಿ ಅವಳ ಗಂಡ ಕೂದಲು ಕತ್ತರಿಸುತ್ತಿದ್ದ. ಅಂಗಡಿ ಅವನದಲ್ಲ, ಒಬ್ಬ ಮುದುಕರದು. ಹದಿನಾಲ್ಕು ವರ್ಷದಿಂದ ಗಳಿಸಿದ್ದರಲ್ಲಿ ಅರ್ಧ ಅವರಿಗೆ, ಅರ್ಧ ಇವನಿಗೆ. ಈಗ ಮುದುಕರ ಕೈ ನಡುಗಲು ಶುರುವಾಗಿತ್ತು.

"ಇನ್ನೆರಡು ವರ್ಷ ನೋಡ್ತೀನಪ್ಪ, ಆಮೇಲೆ ಬಿಟ್ಟುಕೊಡ್ತೀನಿ. ಅಷ್ಟರೊಳಗೆ ಮುಂಗಡ ಹೊಂದಿಸಿಕೊಂಡ್ರೆ ಅಂಗಡಿ ನಿಂದು. ಇಲ್ಲಾಂದ್ರೆ ಪಕ್ಕದ ಮೊಬೈಲ್ ಅಂಗಡಿಯೋನು ಆಗಲೇ ಕೇಳ್ತಾ ಇದಾನೆ," ಎಂದಿದ್ದರು.

ಮೊಬೈಲಿನವನು ತೆಗೆದುಕೊಂಡರೆ ಕನ್ನಡಿ ಕಿತ್ತು ಗಾಜಿನ ಬೀರು ಇಡುತ್ತಾನೆ. ನಲವತ್ತೆರಡು ವಯಸ್ಸಿನ ಗಂಡ ಮತ್ತೆ ಇನ್ನಾರದೋ ಕುರ್ಚಿಯ ಹಿಂದೆ ನಿಲ್ಲಬೇಕು. ಗಂಡ ಹೆಂಡತಿ ಇಬ್ಬರೂ ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ್ದು ಸಾಕಾಗುವಂತೆ ಕಾಣುತ್ತಿರಲಿಲ್ಲ.

ಇದೇ ಹೊತ್ತಿಗೆ ಕಾರ್ಖಾನೆಯ ನೋಟಿಸ್ ಬೋರ್ಡಿನಲ್ಲಿ ಒಂದು ಕಾಗದ ಅಂಟಿಸಿದ್ದರು. ಆರು ತಿಂಗಳಿಗೊಮ್ಮೆ ಅಂಟಿಸುತ್ತಿದ್ದ ಕಾಗದವೇ. ಕೆಲಸಗಾರರು ಕಂಪನಿಯ ಷೇರನ್ನು ನೂರಕ್ಕೆ ಹದಿನೈದು ಕಡಿಮೆ ಬೆಲೆಗೆ ಕೊಳ್ಳಬಹುದು, ಶುಕ್ರವಾರದೊಳಗೆ ಹೆಸರು ಕೊಡಿ ಎಂದಿತ್ತು. ಅವಳು ಓದಿದಳು, ಮೂಗು ಮುರಿದಳು, ಕೈ ತೊಳೆದುಕೊಂಡು ಊಟಕ್ಕೆ ಕೂತಳು. ನಾಲ್ಕು ವರ್ಷದಿಂದ ಹೀಗೇ ಮಾಡಿದ್ದಳು.

ಪಕ್ಕದಲ್ಲಿ ಗುಂಡಿಯಕ್ಕ ಕೂತಿದ್ದಳು. ಹಾಸಿಗೆಗೆ ಉದ್ದ ಸೂಜಿಯಿಂದ ಗುಂಡಿ ಕೂರಿಸುವವಳು, ಹಾಗಾಗಿ ಆ ಹೆಸರು. ಕೆಲಸಗಾರರ ಸಮಿತಿಯಲ್ಲೂ ಇದ್ದಳು.

"ಹೆಸರು ಕೊಟ್ಯೇನೇ?" ಎಂದಳು ಗುಂಡಿಯಕ್ಕ.

"ಬಿಡಕ್ಕ. ನಮಗೆ ಅಂತ ಕಡಿಮೆಗೆ ಕೊಡೋ ಮಾಲು ಎಂಥದ್ದು ಅಂತ ನನಗೆ ಗೊತ್ತಿಲ್ವಾ?"

ಇಲ್ಲಿ ಕಾರ್ಖಾನೆಯ ಒಂದು ಪದ್ಧತಿ ಹೇಳಬೇಕು. ಹೊಲಿಗೆ ಸೊಟ್ಟಗಾದ, ಹತ್ತಿ ಗಂಟುಕಟ್ಟಿದ ಹಾಸಿಗೆಗಳನ್ನು ಹೊರಗೆ ಮಾರುವುದಿಲ್ಲ. ಲೇಬಲ್ಲಿನ ಒಂದು ಮೂಲೆ ಕತ್ತರಿಸಿ, ಕೆಲಸಗಾರರಿಗೆ ಕಡಿಮೆ ಬೆಲೆಗೆ ಕೊಡುತ್ತಾರೆ. ಇವಳ ಮನೆಯಲ್ಲೂ ಅಂಥದೊಂದಿತ್ತು. ನಟ್ಟನಡುವೆ ಒಂದು ಗುಡ್ಡ. ಅತ್ತೆ ದಿನಾ ಬೆಳಿಗ್ಗೆ ಸೊಂಟ ಹಿಡಿದುಕೊಂಡು ಎದ್ದು, "ನಿಮ್ಮ ಕಂಪನಿಯೋರಿಗೆ ಈ ಗುಡ್ಡ ಇಡೋಕೆ ನನ್ನ ಬೆನ್ನೇ ಬೇಕಿತ್ತಾ?" ಎನ್ನುತ್ತಿದ್ದರು. ಹನ್ನೊಂದು ವರ್ಷದ ಕೆಲಸದಲ್ಲಿ ಕಡಿಮೆ ಬೆಲೆಗೆ ಸಿಕ್ಕ ಒಂದು ವಸ್ತುವೂ ನೆಟ್ಟಗಿರಲಿಲ್ಲ. ಷೇರು ಮಾತ್ರ ನೆಟ್ಟಗಿರುತ್ತದೆಯೇ?

"ಹೊರಗೆ ಯಾರೂ ಕೊಳ್ಳದೆ ಉಳಿದ ಷೇರನ್ನ ತಾನೇ ನಮ್ಮ ತಲೆಗೆ ಕಟ್ಟೋದು? ಅದಕ್ಕೂ ಮೂಲೆ ಕತ್ತರಿಸಿರ್ತಾರೆ ಅಲ್ವಾ?" ಎಂದು ಗಂಭೀರವಾಗಿಯೇ ಕೇಳಿದಳು.

ಗುಂಡಿಯಕ್ಕ ನಕ್ಕ ನಗುವಿಗೆ ಕೈಲಿದ್ದ ಲೋಟ ಅಲುಗಾಡಿ ನೀರು ಸೀರೆ ಮೇಲೆ ಚೆಲ್ಲಿತು. ಕಣ್ಣೊರೆಸಿಕೊಂಡು, "ಅಯ್ಯೋ ನನ್ನ ತಾಯಿ! ಷೇರಲ್ಲಿ ಸೆಕೆಂಡ್ಸ್ ಮಾಲು ಅಂತ ಇಲ್ಲ ಕಣೇ. ದೊಡ್ಡ ಸಾಹೇಬರ ಹತ್ರ ಇರೋದೂ ಅದೇ, ಪೇಟೇಲಿ ಪೂರ್ತಿ ಬೆಲೆ ಕೊಟ್ಟು ತಗೊಳ್ಳೋರಿಗೆ ಸಿಗೋದೂ ಅದೇ, ನಿನಗೆ ಬರೋದೂ ಅದೇ. ನಾವು ಕಂಪನಿ ಬಿಟ್ಟು ಹೋಗಬಾರದು, ಇದು ನಮ್ಮದು ಅನ್ನಿಸಬೇಕು ಅಂತ ಬೆಲೆ ಇಳಿಸ್ತಾರೆ, ಅಷ್ಟೇ," ಎಂದಳು.

"ಲಾಟರಿ ಥರ ಅಲ್ವಾ?"

"ಕೇಳು. ಆರು ತಿಂಗಳು ಸಂಬಳದಲ್ಲಿ ನೀನು ಹೇಳಿದಷ್ಟು ಹಿಡೀತಾರೆ. ಕೊನೇಲಿ ಆ ದುಡ್ಡಿಗೆ ಷೇರು ಕೊಡ್ತಾರೆ. ಮೊದಲ ದಿನದ ಬೆಲೆ, ಕೊನೇ ದಿನದ ಬೆಲೆ, ಎರಡರಲ್ಲಿ ಯಾವುದು ಕಡಿಮೆನೋ ಅದರ ಮೇಲೆ ನೂರಕ್ಕೆ ಹದಿನೈದು ಬಿಡ್ತಾರೆ. ಮೊದಲು ನೂರಿತ್ತು, ಕೊನೇಲಿ ನೂರಿಪ್ಪತ್ತಾಯ್ತು ಅಂತಿಟ್ಕೊ. ನಿನಗೆ ಎಂಬತ್ತೈದಕ್ಕೆ ಸಿಗುತ್ತೆ."

"ಎಂಬತ್ತಕ್ಕೆ ಇಳಿದ್ರೆ?"

"ಅರವತ್ತೆಂಟಕ್ಕೆ ಸಿಗುತ್ತೆ. ಕೈಗೆ ಬಂದಾಗ ಎಂಬತ್ತೇ ಇದ್ರೆ ಆಗಲೇ ಮಾರಿಬಿಡು."

ಅವಳು ಬೆರಳು ಮಡಿಚಿ ಬಿಚ್ಚಿ ಎಣಿಸಿದಳು. ಎರಡು ಸಲ ಎಣಿಸಿದರೂ ಕಳೆದುಕೊಳ್ಳುವುದು ಎಲ್ಲಿ ಎಂದು ಸಿಗಲಿಲ್ಲ. ಅದೇ ಅವಳಿಗೆ ಅನುಮಾನ ತಂದಿತು.

"ಹಂಗಾದ್ರೆ ನಷ್ಟವೇ ಇಲ್ವಾ?"

"ಯಾಕಿಲ್ಲ? ಕೈಗೆ ಬಂದದ್ದನ್ನ ಇನ್ನೂ ಏರುತ್ತೆ, ಇನ್ನೂ ಏರುತ್ತೆ ಅಂತ ಇಟ್ಕೊಂಡು ಕೂತ್ರೆ ಇಳಿಯೋದೂ ನಿನ್ನದೇ. ಮೊದಲ ಸಲ ನಾನು ಹಂಗೇ ಮಾಡಿ ಕೈ ಸುಟ್ಕೊಂಡೆ. ಹಾಕಿದ್ದರಲ್ಲೇ ಕಾಲು ಭಾಗ ಹೋಯ್ತು. ತೆರಿಗೆನೂ ಕಟ್ಟಬೇಕು. ಅದನ್ನೆಲ್ಲ ಲೆಕ್ಕದ ಕೋಣೇಲಿ ಮೊದಲೇ ಕೇಳ್ಕೋಬೇಕು."

ಮಧ್ಯಾಹ್ನವೆಲ್ಲ ಹತ್ತಿ ಎಳೆಗಳು ಬಿಸಿಲಲ್ಲಿ ಏರಿದವು, ಇಳಿದವು. ಅವಳು ನೋಡುತ್ತಲೇ ಇದ್ದಳು. ಏರಿದರೂ ಸರಿ, ಇಳಿದರೂ ಸರಿ ಅನ್ನುವಂಥದ್ದು ಈ ಲೋಕದಲ್ಲಿ ಇರಬಹುದು ಎಂದು ಅವಳಿಗೆ ಅದುವರೆಗೆ ಅನ್ನಿಸಿರಲಿಲ್ಲ. ಒಂದು ಹಾಸಿಗೆಯ ಅಂಚು ಎರಡು ಸುತ್ತು ಹೊಲಿದಿದ್ದು ಆಮೇಲೆ ಗೊತ್ತಾಯಿತು.

ಮನೆಯಲ್ಲಿ ವಿಷಯ ಎತ್ತಿದ್ದೇ ತಡ, ಅತ್ತೆ ಶುರು ಮಾಡಿದರು.

"ಕೊಟ್ಟ ಸಂಬಳಾನ ಹಿಂದಿನ ಬಾಗಿಲಿಂದ ಕಿತ್ಕೊಳ್ಳೋ ಉಪಾಯ ಇದು."

"ಷೇರು ಅಂದ್ರೆ ಜೂಜು ಕಣೇ. ನಮ್ಮಂಥೋರಿಗಲ್ಲ," ಎಂದ ಗಂಡ.

ಗುರುವಾರ ಸಂಜೆ ಗುಂಡಿಯಕ್ಕನೇ ಮನೆಗೆ ಬಂದಳು. ಆ ಗುಡ್ಡದ ಹಾಸಿಗೆ ಮೇಲೆಯೇ ಕೂತಳು. ಅತ್ತೆ ಬಿಡಲಿಲ್ಲ.

"ನಡುವೆ ಏನಾದ್ರೂ ಕಷ್ಟ ಬಂದ್ರೆ?"

"ನಮ್ಮ ಕಂಪನೀಲಿ ನಡುವೆ ಬಿಡಬಹುದು ಅತ್ತೆಮ್ಮ. ಹಿಡಿದ ದುಡ್ಡು ವಾಪಸ್ ಬರುತ್ತೆ, ಬಡ್ಡಿ ಬರಲ್ಲ. ಆದ್ರೂ ಎರಡು ಮೂರು ತಿಂಗಳ ಮನೆಖರ್ಚು ಬೇರೆ ಕಡೆ ಇಟ್ಕೊಂಡೇ ಇದಕ್ಕೆ ಕೈ ಹಾಕಬೇಕು. ಸಾಲ ಮಾಡಿ ಮಾತ್ರ ಬೇಡವೇ ಬೇಡ."

"ಕಂಪನಿನೇ ಮುಳುಗಿದ್ರೆ?"

"ಅದಕ್ಕೇ ಬಂದ ಷೇರು ಬಂದ ಹಾಗೇ ಮಾರಿ, ದುಡ್ಡು ಬ್ಯಾಂಕಲ್ಲಿಡೋದು. ಸಂಬಳನೂ ಇಲ್ಲೇ, ಉಳಿತಾಯನೂ ಇಲ್ಲೇ ಅಂತಿದ್ರೆ ಒಂದೇ ದಿನ ಎರಡೂ ಹೋಗುತ್ತೆ." ತಾನು ಕೈ ಸುಟ್ಟುಕೊಂಡ ಕಥೆಯನ್ನೂ ಹೇಳಿದಳು. ಕಳೆದುಕೊಂಡ ಮೊತ್ತವನ್ನೂ ಮುಚ್ಚಿಡಲಿಲ್ಲ.

ಗುಂಡಿಯಕ್ಕ ಹೋದ ಮೇಲೆ ಅತ್ತೆ ಹಾಸಿಗೆಯ ಗುಡ್ಡವನ್ನು ಕೈಯಿಂದ ಒತ್ತಿ ಸಮಮಾಡಲು ನೋಡಿದರು. ಆಮೇಲೆ, "ಟೋಪಿ ಹಾಕೋರು ತಾವು ಮೋಸಹೋದ ಕಥೆ ಹೇಳಲ್ಲ ಕಣಮ್ಮ. ಕೊಡು ಹೆಸರು," ಎಂದರು.

ಶುಕ್ರವಾರ ಅವಳು ಸಂಬಳದ ಹತ್ತನೇ ಒಂದು ಭಾಗಕ್ಕೆ ಸಹಿ ಹಾಕಿದಳು.

ಮೊದಲ ಆರು ತಿಂಗಳಲ್ಲಿ ಬೆಲೆ ಏರಿತು. ಷೇರು ಖಾತೆಗೆ ಬಂದ ದಿನ ಜೂಜು ಎಂದಿದ್ದ ಗಂಡನ ಕಣ್ಣೇ ಬೇರೆಯಾಗಿತ್ತು. "ಇನ್ನೂ ಸ್ವಲ್ಪ ದಿನ ಇಡೋಣ ಕಣೇ. ಹಿಂಗೇ ಏರಿದ್ರೆ ಮೂರು ಕುರ್ಚಿ ಹಾಕಬಹುದು," ಎಂದ. ಅವಳೂ ತೇಲಿದಳು. ಮೂರು ಕುರ್ಚಿ, ನೀಲಿ ಪರದೆ, ಕಾಯುವವರಿಗೆ ಒಂದು ಮೆತ್ತನೆಯ ಬೆಂಚು, ಅದರ ಅಂಚು ತಾನೇ ಹೊಲಿದದ್ದು. ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ.

ಮೂರನೆಯ ದಿನ ಅತ್ತೆಯೇ ಅವರಿಬ್ಬರನ್ನು ಕೆಳಗಿಳಿಸಿದರು. "ಮುದುಕಪ್ಪ ಕೇಳಿರೋದು ಎರಡು ಕುರ್ಚಿ ಅಂಗಡಿಗೆ ಮುಂಗಡ. ನೀವು ಮೂರು ಕುರ್ಚಿ ಕನಸಿಗೆ ಇದನ್ನೂ ಕಳೀತೀರ. ಮಾರಿ." ಮಾರಿದರು. ತೆರಿಗೆಗೆ ಎಂದು ಒಂದಿಷ್ಟು ತೆಗೆದಿಟ್ಟು, ಉಳಿದದ್ದನ್ನು ಅಂಗಡಿಯ ಮುಂಗಡಕ್ಕೆಂದೇ ಬ್ಯಾಂಕಿಗೆ ಹಾಕಿದರು.

ಎರಡನೆಯ ಆರು ತಿಂಗಳ ಕಂತಿನ ಷೇರನ್ನೂ ಹೀಗೇ ಮಾರಿದರು. ಮೂರನೆಯ ಕಂತಿನಲ್ಲಿ ಬೆಲೆ ಕುಸಿಯಿತು. ಕಾರ್ಖಾನೆಯ ಅರ್ಧ ಜನ ಹೆಸರು ವಾಪಸ್ ತೆಗೆದುಕೊಂಡರು. ಅವಳಿಗೂ ತೆಗೆದುಬಿಡೋಣ ಅನ್ನಿಸಿತು. ಆದರೂ ಬೆರಳು ಮಡಿಚಿ ಮತ್ತೆ ಎಣಿಸಿಕೊಂಡಳು. ಇಳಿದ ಬೆಲೆಯ ಮೇಲೇ ತಾನೇ ಹದಿನೈದು ಬಿಡುವುದು? ಧೈರ್ಯ ಮಾಡಿ ಉಳಿದಳು. ಕೊಂಡಳು, ಬಂದ ದಿನವೇ ಮಾರಿದಳು. ಹಾಕಿದ್ದಕ್ಕಿಂತ ಹೆಚ್ಚೇ ಬಂತು.

ನಾಲ್ಕನೆಯ ಕಂತು ಮುಗಿದು ಬ್ಯಾಂಕಿಗೆ ಹೋದರೆ, ದೊಡ್ಡ ಗಂಟೇನೂ ಆಗಿರಲಿಲ್ಲ. ಎರಡೂವರೆ ತಿಂಗಳ ಸಂಬಳಕ್ಕಿಂತ ಒಂದಿಷ್ಟು ಹೆಚ್ಚು. ಆದರೆ ಹಳೆಯ ಉಳಿತಾಯದ ಜೊತೆ ಸೇರಿಸಿದಾಗ ಮುಂಗಡಕ್ಕೆ ಸರಿಹೋಯಿತು. ಅವಳು ಬ್ಯಾಂಕಿನ ಮೆಟ್ಟಿಲ ಮೇಲೆ ಕೂತು ಅತ್ತೇಬಿಟ್ಟಳು. ಖುಷಿಗೇ ಅತ್ತಳು, ಅದರಲ್ಲಿ ಮುಚ್ಚುಮರೆಯೇನಿದೆ?

ಮುಂಗಡ ಕೊಟ್ಟ ಮೇಲಿನ ಮೊದಲ ತಾರೀಖಿನ ಬೆಳಿಗ್ಗೆ ಅವಳು ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಂಗಡಿಯ ಕಡೆ ಹಾದಳು. ಬೀದಿಯಲ್ಲಿ ಇನ್ನೂ ತೆಳ್ಳಗೆ ಮಂಜಿತ್ತು. ಷಟರ್ ಮುಚ್ಚಿತ್ತು. ಗಂಡ ಹದಿನಾರು ವರ್ಷ ನಿಂತ ಜಾಗದಲ್ಲೇ, ಗೋಡೆಗೆ ಬೆನ್ನು ಕೊಟ್ಟು, ಬೀದಿಯ ಕೊನೆ ನೋಡುತ್ತಾ ನಿಂತಿದ್ದ. ಇಬ್ಬರು ಗಿರಾಕಿಗಳೂ ಪಕ್ಕದಲ್ಲಿ ನಿಂತಿದ್ದರು.

"ಯಾರಿಗ್ರೀ ಕಾಯ್ತಾ ಇದೀರಾ?" ಎಂದಳು ಅವಳು.

"ಮುದುಕಪ್ಪ ಇನ್ನೂ ಬಂದಿಲ್ಲ ಕಣೇ, ಬೀಗ..." ಎಂದವನು ಅಲ್ಲಿಗೇ ನಿಲ್ಲಿಸಿದ. ಕೈ ತಾನಾಗಿ ಜೇಬಿಗೆ ಹೋಯಿತು. ಬೀಗದ ಕೈ ಅಲ್ಲೇ ಇತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಅವಳ ಮುಖ ನೋಡಿದ. ಆಮೇಲೆ ಬಗ್ಗಿ ತನ್ನ ಅಂಗಡಿಯ ಷಟರ್ ತಾನೇ ಎತ್ತಿದ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವು ದುಡಿಯುವ ಕಡೆಯೂ ಇಂಥದ್ದೊಂದು ಕಾಗದ ಗೋಡೆ ಮೇಲಿರಬಹುದು. ನಾಳೆ ಅದರ ಮುಂದೆ ಎರಡು ನಿಮಿಷ ನಿಲ್ಲಿ. ಎಷ್ಟು ಬಿಡುತ್ತಾರೆ, ಯಾವ ದಿನದ ಬೆಲೆ ಹಿಡಿಯುತ್ತಾರೆ, ಬಂದ ಕೂಡಲೇ ಮಾರಬಹುದೇ, ನಡುವೆ ಬಿಡಬಹುದೇ, ತೆರಿಗೆ ಎಷ್ಟು ಎಂದು ಕೇಳಿ. ಒಂದೊಂದು ಕಂಪನಿಯ ನಿಯಮ ಒಂದೊಂದು ಥರ. ಕೇಳಲು ನಾಚಿಕೆ ಬೇಡ, ಅದು ನಿಮ್ಮ ಹಕ್ಕು. ಮನೆಖರ್ಚಿನ ದುಡ್ಡನ್ನು ಮುಟ್ಟಬೇಡಿ. ಬಂದ ಷೇರಿನ ಮೇಲೆ ಮೋಹ ಬೆಳೆಸಿಕೊಳ್ಳಬೇಡಿ. ಯಾವುದಕ್ಕಾಗಿ ಉಳಿಸುತ್ತಿದ್ದೀರೋ ಅದನ್ನು ಮನೆಮಂದಿಗೆಲ್ಲ ಕೇಳುವಂತೆ ಒಮ್ಮೆ ಗಟ್ಟಿಯಾಗಿ ಹೇಳಿ, ಆಮೇಲೆ ಸಹಿ ಹಾಕಿ. ಕೊನೆಯ ದಿನಾಂಕ ಮಾತ್ರ ಇವತ್ತೇ ನೋಡಿಕೊಳ್ಳಿ.