ಮೂಸಬ್ಬನ ಬಾಕಿ ಉಪವಾಸ

ಹೊಟ್ಟೆಯ ವಿಷಯದಲ್ಲಿ ಮೂಸಬ್ಬ ಯಾವತ್ತೂ ಸುಳ್ಳು ಹೇಳಿದವನಲ್ಲ. ಹಸಿದರೆ ಹಸಿವು ಎನ್ನುತ್ತಿದ್ದ, ತುಂಬಿದರೆ ತೇಗುತ್ತಿದ್ದ. ಅಂಥವನು ಎಂಬತ್ತೆರಡನೇ ಇಸವಿಯಲ್ಲಿ, ರಮಳಾನಿನ ತಿಂಗಳೂ ಅಲ್ಲದ ಹೊತ್ತಿನಲ್ಲಿ, ಬಹ್ರೇನಿನ ಸೆಕೆಯಲ್ಲಿ ಹಗಲೆಲ್ಲ ನೀರೂ ಮುಟ್ಟದೆ ವ್ಯಾನು ಓಡಿಸಬೇಕಾಗಿ ಬಂದದ್ದು ಫಿಲಿಪೀನ್ಸಿನ ಒಂದು ಹಳ್ಳಿಗಾಡು ಮುನಿಸಿಪಾಲಿಟಿಯ ದೆಸೆಯಿಂದ.

ಆ ಮುನಿಸಿಪಾಲಿಟಿಯ ಹೆಸರು ಬಾಂತಿಗಾನ್. ತೆಂಗಿನ ತೋಟ, ಗದ್ದೆ, ನಡುವೆ ತಗಡಿನ ಮಾಡಿನ ಒಂದು ಕಚೇರಿ. ಅಲ್ಲಿ ಗುಮಾಸ್ತನಾಗಿದ್ದ ನೆಸ್ಟರ್ ಈಗ ಮನಾಮದ ಟೈಲ್ಸ್ ಗೋದಾಮಿಗೆ ಸೂಪರ್‌ವೈಸರ್ ಆಗಿ ಬಂದಿದ್ದ. ಮೂಸಬ್ಬ ಅದೇ ಗೋದಾಮಿನ ಡ್ರೈವರ್. ಅವನ ವೀಸಾ ಮುಗಿಯುತ್ತಾ ಬಂದಿತ್ತು. ಇವನು ಬೇಕು ಎಂದು ನೆಸ್ಟರ್ ಒಂದು ಮಾತು ಹೇಳಿದರೆ ಇನ್ನೆರಡು ವರ್ಷ, ಇಲ್ಲವಾದರೆ ಗಂಟುಮೂಟೆ ಕಟ್ಟಿ ಉಳ್ಳಾಲಕ್ಕೆ. ಊರಿನಲ್ಲಿ ಮಗಳು ಝುಲೈಖಾಳಿಗೆ ಮದುವೆ ನಿಶ್ಚಯವಾಗಿತ್ತು. ಕೆಲಸ ಕಳೆದುಕೊಂಡು ಬಂದ ಮಾವನನ್ನು ಯಾವ ಅಳಿಯ ತಾನೇ ಮೆಚ್ಚುತ್ತಾನೆ?

ಸೂಪರ್‌ವೈಸರನ್ನು ಚೆನ್ನಾಗಿಟ್ಟುಕೊಳ್ಳಬೇಕೆಂದು ಮೂಸಬ್ಬ ನೆಸ್ಟರ್ ಎದುರಾದಾಗಲೆಲ್ಲ ನಮ್ಮ ಊರಿನ ಮರ್ಯಾದೆಯಂತೆ ಊಟ ಆಯ್ತಾ ಎಂದು ಹರುಕು ಇಂಗ್ಲಿಷಿನಲ್ಲಿ ವಿಚಾರಿಸುತ್ತಿದ್ದ. ಬೆಳಿಗ್ಗೆ ಕೇಳಿದ, ಸಂಜೆ ಕೇಳಿದ, ಟೈಲ್ಸ್ ಪೆಟ್ಟಿಗೆ ಎತ್ತುವಾಗಲೂ ಕೇಳಿದ. ಒಂದು ಮಧ್ಯಾಹ್ನ ನೆಸ್ಟರ್ ತನ್ನ ಬುತ್ತಿ ಬಿಚ್ಚುತ್ತಾ, ಬಾ, ಒಟ್ಟಿಗೆ ಊಟ ಮಾಡೋಣ ಎಂದು ಕರೆದೇಬಿಟ್ಟ.

ಮೂಸಬ್ಬ ಇಕ್ಕಟ್ಟಿಗೆ ಸಿಕ್ಕಿಬಿದ್ದ. ಕರೆದವರ ಅನ್ನವನ್ನು ಬೇಡವೆನ್ನುವುದು ಅವರ ಮುಖಕ್ಕೆ ಹೊಡೆದ ಹಾಗೆ ಎಂದು ಅವನ ಉಮ್ಮ ಕಲಿಸಿದ್ದಳು. ತಿನ್ನೋಣವೆಂದರೆ, ಮನಾಮದ ಗುಫೂಲ್ ಎಂಬ ಕೇರಿಯ ರೂಮಿನಲ್ಲಿ ಜೊತೆಗಿದ್ದ ಬಡಗಿ ವಾಸು ಹಿಂದಿನ ದಿನವಷ್ಟೇ ಹೆದರಿಸಿದ್ದ.

"ಅವರಲ್ಲಿ ಹಂದಿ ಇಲ್ಲದೆ ಅಡುಗೆಯೇ ಇಲ್ಲವಂತೆ ಮೂಸಾಕ. ಜಾಗ್ರತೆ ಮಾರಾಯ್ರೆ."

ಬುತ್ತಿಯಲ್ಲಿ ಏನುಂಟು ಎಂದು ಕೇಳುವುದು ಇನ್ನೂ ದೊಡ್ಡ ಅವಮಾನ. ರಮಳಾನಿನಲ್ಲಿ ಬಿಟ್ಟುಹೋದ ಉಪವಾಸ ಬಾಕಿ ಉಂಟು, ಇವತ್ತು ಹಿಡಿದಿದ್ದೇನೆ ಎಂದು ಮೂಸಬ್ಬ ಒದರಿಬಿಟ್ಟ.

ಬಾಕಿ ಒಂದೂ ಇರಲಿಲ್ಲ. ಆದರೆ ಮರುದಿನವೂ ಕರೆ ಬಂತು, ಮರುದಿನವೂ ಬಾಕಿ ಬಂತು. ಉಪವಾಸದ ಹೆಸರಿನಲ್ಲಿ ಸುಳ್ಳು ಹೇಳಿ ವ್ಯಾನಿನ ಮರೆಯಲ್ಲಿ ಸಮೋಸ ತಿನ್ನುವಷ್ಟು ಧೈರ್ಯ ಆ ಪುಣ್ಯಾತ್ಮನಿಗೆ ಇರಲಿಲ್ಲ. ಹಾಗಾಗಿ ನಿಜಕ್ಕೂ ಉಪವಾಸ ಹಿಡಿಯತೊಡಗಿದ. ರಜೆಯ ಶುಕ್ರವಾರ ಇಡೀ ವಾರದ್ದನ್ನು ಒಮ್ಮೆಲೇ ತಿಂದು ವಾಸುವಿಗೆ ಬಂಗುಡೆಯ ತಲೆಯಷ್ಟೇ ಉಳಿಸುತ್ತಿದ್ದ. ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಮಕ್ಕಾ ಕಡೆ ತಲೆ ಹಾಕದವನನ್ನು ಗೋದಾಮಿನವರು ಹಾಜಿ ಎಂದು ಕರೆಯತೊಡಗಿದರು.

ಈ ನಡುವೆ ನೆಸ್ಟರನ ಮುಖವೂ ಸಪ್ಪಗಾಗುತ್ತಾ ಬಂತು. ಮಧ್ಯಾಹ್ನ ಬುತ್ತಿ ಬಿಚ್ಚುವುದನ್ನೇ ಬಿಟ್ಟ, ಮೂರು ಗಂಟೆಯಾದರೆ ಸಾಕು ಎಲ್ಲರ ಮೇಲೂ ಸಿಡುಕುತ್ತಿದ್ದ. ನನ್ನ ಮೇಲಿನ ಸಿಟ್ಟೇ ಇದು, ವೀಸಾದ ಕಥೆ ಮುಗಿಯಿತು ಎಂದು ಮೂಸಬ್ಬ ಒಳಗೊಳಗೇ ಬೆಂದುಹೋದ.

ಕೊನೆಗೆ ಒಂದು ಸಂಜೆ ನೆಸ್ಟರ್ ಅವನನ್ನು ಆಫೀಸಿನೊಳಗೆ ಕರೆದು ಬಾಗಿಲು ಹಾಕಿದ. ಪಕ್ಕದ ಮಸೀದಿಯಲ್ಲಿ ಉಪವಾಸ ಬಿಡುವ ಹೊತ್ತಿನ ಮಗ್ರಿಬ್ ಬಾಂಗ್ ಆಯಿತು. ಅದಕ್ಕೇ ಕಾಯುತ್ತಿದ್ದವನಂತೆ ನೆಸ್ಟರ್ ಮೇಜಿನ ಮೇಲೆ ಬುತ್ತಿ ಇಟ್ಟ.

"ಈಗ ತಿನ್ನಬಹುದಲ್ಲ? ಹಸಿದವನ ಎದುರಿಗೆ ನಮ್ಮಲ್ಲಿ ಯಾರೂ ಬುತ್ತಿ ಬಿಚ್ಚುವುದಿಲ್ಲ. ಇಷ್ಟು ದಿನ ನಾನೂ ಸಂಜೆಯವರೆಗೆ ಕಾದೆ. ಇನ್ನು ನನ್ನಿಂದಾಗದು."

ಇನ್ನು ಯಾವ ನೆಪವೂ ಉಳಿದಿರಲಿಲ್ಲ. ಮೂಸಬ್ಬ ಹೆದರುತ್ತಲೇ ಬಗ್ಗಿ ನೋಡಿದ. ಅನ್ನ. ಅನ್ನದ ಪಕ್ಕದಲ್ಲಿ ಹುರಿದ ಒಣಮೀನು. ಉಳ್ಳಾಲದ ಕಡಲ ದಂಡೆಯದ್ದೇ ವಾಸನೆ. ಅವನ ಕಣ್ಣಲ್ಲಿ ನೀರು ಬಂತು. ಬಿಸ್ಮಿ ಹೇಳಿ ಕೈಹಾಕಿದವನು ಸ್ವಲ್ಪ ಹೊತ್ತು ತಲೆ ಎತ್ತಲಿಲ್ಲ.

ಹೊಟ್ಟೆಗೆ ಬಿದ್ದ ಮೇಲೆ ನೆಸ್ಟರನ ನಾಲಿಗೆ ಸಡಿಲವಾಯಿತು. ಬಾಂತಿಗಾನಿನ ಮುನಿಸಿಪಾಲಿಟಿಯಲ್ಲಿ ಊಟದ ಹೊತ್ತಿಗೆ ಯಾರು ಬಂದರೂ ಬನ್ನಿ ಊಟಕ್ಕೆ ಎನ್ನಬೇಕು, ಬಂದವರು ಈಗಷ್ಟೇ ಆಯ್ತು ಎಂದು ಹೇಳಬೇಕು, ಅಲ್ಲಿಗೆ ಎರಡೂ ಕಡೆಯ ಮರ್ಯಾದೆ ಮುಗಿಯಿತು. ಒಬ್ಬ ಹಂದಿ ವ್ಯಾಪಾರಿ ಮಾತ್ರ ನಿಜಕ್ಕೂ ಕೂತು ಮೇಯರರ ಪಾಲಿನ ಮೀನು ತಿಂದುಬಿಟ್ಟಿದ್ದನಂತೆ. ಅವನ ಮೊಮ್ಮಕ್ಕಳನ್ನೂ ಊರು ಮೇಯರರ ಮೀನು ತಿಂದವನ ಮನೆಯವರು ಎಂದೇ ಗುರುತಿಸುತ್ತದಂತೆ.

ಆಯ್ತು ಎಂದಿದ್ದರೆ ಸಾಕಿತ್ತಾ ಎಂದು ಮೂಸಬ್ಬ ಮನಸ್ಸಿನಲ್ಲೇ ಹಣೆ ಚಚ್ಚಿಕೊಂಡ.

"ಹಾಗಾದ್ರೆ ದಿನಾ ಯಾಕೆ ಕರೆದದ್ದು ಸರ್?"

"ನೀನೇ ಅಲ್ಲವಾ ಬೆಳಗಾದರೆ ಊಟ, ಸಂಜೆಯಾದರೆ ಊಟ ಅಂತ ಕೇಳುತ್ತಿದ್ದದ್ದು? ಪಾಪ, ಹೊಟ್ಟೆಗಿಲ್ಲದವನು ಅಂದುಕೊಂಡೆ. ಆ ವಾರವೇ ನಿನ್ನ ವೀಸಾಕ್ಕೆ ಹೇಳಿಬಿಟ್ಟೆ. ಇಷ್ಟು ಹಸಿದವನನ್ನು ಊರಿಗೆ ಹೇಗೆ ಕಳಿಸುವುದು?"

ಮೂಸಬ್ಬನ ಕೈ ಬಾಯಿಯ ಹತ್ತಿರವೇ ನಿಂತಿತು. ಹತ್ತು ಜನಕ್ಕೆ ಬಡಿಸಿ ತಾನು ಉಣ್ಣುವ ಮನೆತನದವನನ್ನು ಈ ಪುಣ್ಯಾತ್ಮ ಹೊಟ್ಟೆಗಿಲ್ಲದವನೆಂದು ತಿಳಿದಿದ್ದಾನೆ. ಮುಖ ಕೆಂಪಾಯಿತು. ಹಾಗಲ್ಲ ಸರ್ ಎಂದು ಬಾಯಿ ತೆರೆದವನಿಗೆ, ಪಾಸ್‌ಪೋರ್ಟಿಗೆ ಇನ್ನೂ ಸೀಲು ಬಿದ್ದಿಲ್ಲವೆಂಬುದು ನೆನಪಾಯಿತು.

"ಹೌದು ಸರ್, ನನಗೆ ಹಸಿವು ಸ್ವಲ್ಪ ಜಾಸ್ತಿಯೇ" ಎಂದು ಕೊನೆಯ ಮೀನಿಗೂ ಕೈಹಾಕಿದ.