ಬಿದ್ದುಹೋದ ಹಕಾರಗಳು

"ಅತ್ತೆ, ನಂಗೊಂದು ಅ ಬೇಕು," ಎಂದಳು ರೋಜಾ, ಫೋನಿನಲ್ಲಿ.

"ಯಾವ ಅ?"

"ಅ ಅಲ್ಲತ್ತೆ. ಅ!"

"ಅದೇ ಕೇಳ್ತಿದೀನಿ, ಯಾವ ಅ?"

"ಅಯ್ಯೋ! ಅಲ್ಲು, ಆಲು, ಆವು, ಇದ್ರಲ್ಲೆಲ್ಲಾ ಮೊದ್ಲು ಬರ್ತೈತಲ್ಲ, ಆ ಅ!"

ಹಲ್ಲು, ಹಾಲು, ಹಾವು. ನನ್ನ ಅಣ್ಣನ ಮಗಳಿಗೆ ಬೇಕಾಗಿದ್ದದ್ದು ಹ.

ಅವಳ ತಪ್ಪೇನಿಲ್ಲ. ಕಡಯಂಪಟ್ಟಿಯಿಂದ ತೊಪ್ಪೂರಿನ ಕಡೆಗೆ ಹೋಗುವಾಗ ಸಿಗುವ ನಮ್ಮೂರಲ್ಲಿ ಮನೆಯೊಳಗೆ ಕನ್ನಡ, ಮನೆಯಾಚೆ ತಮಿಳು. ಒಳಗಿನ ಕನ್ನಡದಲ್ಲಿ ಹ ಎಂದೋ ಉದುರಿಹೋಗಿದೆ. ತಮಿಳಿನಿಂದ ಕಡ ತರೋಣವೆಂದರೆ ಅಲ್ಲಿ ಆ ಜಾಗದಲ್ಲಿ ಪ ಕೂತಿದೆ. ನಾನೂ ಬಿ.ಎಸ್ಸಿ. ಸೇರಿದ ಮೇಲೆ ಪೂರ್ತಿ ಎರಡು ವರ್ಷ ಐಡ್ರೋಜನ್ ಎಂದೇ ಹೇಳಿ, ಮೂರನೆಯ ವರ್ಷ ಕಷ್ಟಪಟ್ಟು ಹೈಡ್ರೋಜನ್ ಸಂಪಾದಿಸಿದವಳು. ಈಗ ಮೆಟ್ಟೂರಿನ ಒಂದು ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡುತ್ತೇನೆ. ಮನೆಯಲ್ಲಿ ಹ ಇರುವುದು ನನ್ನೊಬ್ಬಳ ಬಳಿಯೇ ಎಂದು ರೋಜಾ ನಂಬಿದ್ದಳು.

ವಿಷಯ ಇಷ್ಟು. ರೋಜಾ ಧರ್ಮಪುರಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಬಿ.ಎ. ಕೊನೆಯ ವರ್ಷ. ಸೇಲಂನಲ್ಲಿ ನಡೆಯುವ ಅಂತರ ಕಾಲೇಜು ಭಾಷಣ ಸ್ಪರ್ಧೆಗೆ ತರಗತಿಯಿಂದ ಒಬ್ಬರು ಹೋಗಬೇಕು. ಇವಳ ಪ್ರಬಂಧವೇ ಎಲ್ಲಕ್ಕಿಂತ ಚೆನ್ನಾಗಿದೆ ಎಂದು ರಂಗನಾಯಕಿ ಮೇಡಂ ಒಪ್ಪಿದ್ದರು. ಆದರೆ ಹೌಸ್ ಅನ್ನು ಔಸ್ ಎನ್ನುವ ಹುಡುಗಿಯನ್ನು ಸೇಲಂಗೆ ಹೇಗೆ ಕಳಿಸುವುದು? ಗುರುವಾರ ತರಗತಿಯಲ್ಲಿ ಓದಿ ತೋರಿಸಬೇಕು. "ಮೂಣು ಹ ಪೋಚ್ಚುನ್ನಾ ಸೇಲಂ ಕಿಡೆಯಾದು. ಯಾರಾ ಇರುಂದಾಲುಂ," ಎಂದರಂತೆ ಮೇಡಂ. ಮೂರು ಹ ಹೋದರೆ ಸೇಲಂ ಇಲ್ಲ, ಯಾರೇ ಆಗಿರಲಿ. ರೋಜಾ ಬಿಟ್ಟರೆ ಮುತ್ತುಸ್ವಾಮಿ ಹೋಗುತ್ತಾನೆ. ಮೊದಲ ವರ್ಷದಲ್ಲಿ ಇವಳು ಎದ್ದು ನಿಂತು, ಹೋಮ್ ಎನ್ನಲಾಗದೆ ಓಮ್‌ನಲ್ಲಿ ಇಪ್ಪತ್ತು ಕುರಿ ಇವೆ ಎಂದು ಪರಿಚಯ ಹೇಳಿಕೊಂಡ ದಿನದಿಂದ ಅವನು ಇವಳನ್ನು ಕರೆಯುವುದು ಓಂ ರೋಜಾ ಎಂದು, ಕೈಮುಗಿದು.

"ಪ್ರಬಂಧ ಯಾವುದರ ಮೇಲೆ?" ಎಂದು ಕೇಳಿದೆ.

"ಅಳೇ ಇಂಗ್ಲಿಷಿನ ಪದಗಳು. ಎಲ್ಲಾ ಅ ಇಂದ ಶುರುವಾಗೋವು."

"ಬೇರೆ ವಿಷಯ ಸಿಗಲಿಲ್ವೇನೇ?"

"ಚೆನ್ನಾಗಿದ್ವು ಅತ್ತೆ," ಎಂದಳು ಸಣ್ಣ ದನಿಯಲ್ಲಿ.

ಭಾನುವಾರ ಊರಿಗೆ ಹೋದೆ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಅವಳ ಬಾಯಿಂದ ಹದಿನೈದು ಸೆಂಟಿಮೀಟರ್ ದೂರದಲ್ಲಿ ಮೇಣದಬತ್ತಿ ಹಚ್ಚಿಟ್ಟೆ. ಹ ಎಂದರೆ ಉಸಿರು ಹೊರಬಂದು ಜ್ವಾಲೆ ಬಳುಕಬೇಕು, ಅ ಎಂದರೆ ಬಳುಕಬಾರದು. ಹತ್ತು ಸಲ ಹೇಳಿಸಿದೆ. ಒಂದು ಸಲ ಬಳುಕಿತು. ಆಗ ಅವಳಿಗೆ ಕೆಮ್ಮು ಬಂದಿದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಒಲೆಯ ಮುಂದೆ ರಾಗಿ ಹಿಟ್ಟು ತಿರುವುತ್ತಿದ್ದ ನನ್ನ ಅವ್ವ ಗುಂಡಮ್ಮ ಕೋಲು ಹಿಡಿದೇ ಎದ್ದು ಬಂದಳು.

"ಏನ್ರೇ ಇದು? ಆಡಗಲಲ್ಲಿ ಬತ್ತಿ ಅಚ್ಚಿ ಅದರ ಮಕಕ್ಕೆ ಅ ಅ ಅಂತೀರಲ್ಲ, ಅದೇನು ನಿಮ್ಗೆ ಉತ್ರ ಕೊಡ್ತೈತಾ?" ಎಂದವಳು ತನ್ನ ಮಾತಿಗೆ ತಾನೇ ನಕ್ಕಳು. ಹಹ್ಹಹ್ಹಹ್ಹಾ!

ಬತ್ತಿ ಆರಿಹೋಯಿತು.

ನಾನು, ರೋಜಾ ಮುಖ ಮುಖ ನೋಡಿಕೊಂಡೆವು. ಮನೆಯಲ್ಲಿ ಹ ಇತ್ತು. ನಗುವಾಗ ಮಾತ್ರ ಹೊರಬರುತ್ತಿತ್ತು.

"ಇದೇ ದಾರಿ," ಎಂದೆ. "ಹ ಬರೋ ಪದದ ಮುಂದೆ ನಗೋಕೆ ಶುರು ಮಾಡು, ಅರ್ಧಕ್ಕೆ ನಿಲ್ಸಿ ಪದ ಹೇಳು."

ಸಂಜೆಯ ಹೊತ್ತಿಗೆ ಹತ್ತಕ್ಕೆ ಎಂಟು ಸಲ ಜ್ವಾಲೆ ಬಳುಕಿತು. ಊಟಕ್ಕೆ ಕೂತಾಗ ರೋಜಾ ತನ್ನ ಪದಗಳನ್ನು ಬಿಚ್ಚಿದಳು. ಲೋಫ್ ಎಂದರೆ ರೊಟ್ಟಿ. ಹಳೆಯ ಕಾಲದಲ್ಲಿ ಅದರ ಮುಂದೊಂದು ಹ ಇತ್ತು, ಹ್ಲಾಫ್. ಆ ರೊಟ್ಟಿಯನ್ನು ಕಾಯುವವನು ಯಾರೋ, ಅವನೇ ಸವೆದು ಸವೆದು ಲಾರ್ಡ್ ಆದ. ಅದರ ಹಿಟ್ಟು ನಾದುವವಳು ಲೇಡಿ ಆದಳು.

ಅವ್ವ ಕೋಲು ತೊಳೆಯುತ್ತಿದ್ದವಳು ನಿಂತಳು. "ಇಟ್ಟು ತಿರುವೋಳು ಲೇಡಿನಾ?"

"ಊಂ ಅಜ್ಜಿ."

"ಅರವತ್ತು ವರ್ಷದಿಂದ ತಿರುವ್ತಾ ಇವ್ನಿ, ಒಬ್ರೂ ಏಳಿಲ್ವಲ್ಲೇ ನಂಗೆ!" ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿದ್ದ ನನ್ನ ಅಣ್ಣ ಅಣ್ಣಯ್ಯಪ್ಪನ ಕಡೆ ಕೋಲು ತೋರಿಸಿದಳು. "ಇಂಗೆ ಬರೀ ತಿನ್ನೋಕೆ ಕೂತಿರೋನಿಗೆ ಏನಂತಾರೆ?"

"ಅವ್ನಿಗೂ ಪದ ಐತಜ್ಜಿ. ರೊಟ್ಟಿ ತಿನ್ನೋನು ಅಂತಲೇ. ಅರ್ಥ ಮನೆ ಆಳು."

"ಓದ್ಸಿದ್ದು ಸಾಕು ಇವಳನ್ನ," ಎಂದ ಅಣ್ಣ. ಆದರೂ ಎರಡನೆಯ ಮುದ್ದೆಗೆ ತಟ್ಟೆ ಚಾಚಿದ.

ಬುಧವಾರ ಮತ್ತೆ ಫೋನ್ ಬಂತು. "ಹತ್ತೆ, ಹೂಟ ಹಾಯ್ತಾ?"

ಔಷಧಿಯ ಪ್ರಮಾಣ ಹೆಚ್ಚಾಗಿತ್ತು. ಇಲ್ಲದ ಕಡೆಯೂ ಹ ಮೊಳೆತಿತ್ತು. ಹಿಂದಿನಿಂದ ಅವ್ವ ನನ್ನನ್ನು ಕೂಗಿದಳು, ಅವಳಿಗೂ ಅಂಟಿತ್ತು: "ಶಿವೀ, ಹಾಡು ಹೀದೈತೆ!" ಯಾವ ಹಾಡು ಎಂದು ಕೇಳಿದೆ. ಆಡು ಈದಿತ್ತು, ಎರಡು ಮರಿ.

ಗುರುವಾರ ರಜೆ ಹಾಕಿ ಧರ್ಮಪುರಿಗೆ ಹೋದೆ. ಅವ್ವನೂ ಬಂದಿದ್ದಳು, ಕೈಯಲ್ಲಿ ಟಿಫಿನ್ ಕ್ಯಾರಿಯರ್. ತಮಿಳಿನ ಜೊತೆ ಕನ್ನಡವೂ ನಡೆಯುವ ಆ ತರಗತಿಯಲ್ಲಿ ಮೇಡಂ ನಮ್ಮನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ರೋಜಾಳಿಗೆ ಶುರು ಮಾಡು ಎಂದರು.

"ಹೋಲ್ಡ್ ಹಿಂಗ್ಲಿಷ್ ವರ್ಡ್ಸ್," ಎಂದು ಶುರು ಮಾಡಿದಳು.

ತರಗತಿ ಬಿದ್ದು ಬಿದ್ದು ನಕ್ಕಿತು. ಮುತ್ತುಸ್ವಾಮಿ ಎದ್ದು ನಿಂತ. "ಮೇಡಂ, ಎರಡು ತಪ್ಪು!"

ರೋಜಾಳ ಕಿವಿ ಕೆಂಪಾಯಿತು. ಮೇಣದಬತ್ತಿ ತಂದ ನನ್ನನ್ನು ನಾನೇ ಬೈದುಕೊಂಡೆ. ಆದರೆ ಅವಳು ಕೂರಲಿಲ್ಲ.

"ಮೇಡಂ, ನೀವು ಹ ಬಿಟ್ರೆ ತಪ್ಪು ಅಂದಿದ್ರಿ. ಸೇರ್ಸಿದ್ರೆ ಅಂತ ಹೇಳಿರ್ಲಿಲ್ಲ."

ಮೇಡಂ ತುಟಿ ಬಿಗಿಹಿಡಿದರು. "ಸರಿ. ಮೇಲೆ ಪಡಿ."

ಮುಂದಕ್ಕೆ ಓದಲು ಸಿಕ್ಕ ಒಪ್ಪಿಗೆ ಅದು. ರೋಜಾ ಓದಲಿಲ್ಲ. ಕಾಗದ ಮಡಚಿಟ್ಟು, ಗಂಟಲು ಕಟ್ಟಿದೆ, ಈಗಿನ ಇಂಗ್ಲಿಷಿನ ಎಂಟು ಪದಗಳನ್ನು ಯಾರಾದರೂ ಚೆನ್ನಾಗಿ ಓದುವವರು ಓದಿದರೆ ಉಪಕಾರ ಎಂದಳು. ಅವಳು ನೋಡಿದ್ದು ಮುತ್ತುಸ್ವಾಮಿಯ ಕಡೆ. ಅವನು ಕಾಲರ್ ಸರಿಮಾಡಿಕೊಂಡು ಬಂದು ಅವಳು ಚಾಚಿದ ಚೀಟಿ ತೆಗೆದುಕೊಂಡ.

"ರಿಂಗ್. ರೂಫ್. ನೆಕ್. ನಟ್. ಲೌಡ್. ಲಾರ್ಡ್. ಲೇಡಿ. ಲಾಫ್."

ಒಂದೊಂದಕ್ಕೂ ರೋಜಾ ಕಪ್ಪು ಹಲಗೆಯ ಮೇಲೆ ಒಂದೊಂದು ಗೀಟು ಹಾಕಿದಳು. ಉಂಗುರ, ಚಾವಣಿ, ಕತ್ತು, ಬೀಜ, ಜೋರು, ಒಡೆಯ, ಒಡತಿ, ನಗು. ಕೊನೆಯ ಗೀಟಿನ ಮೇಲೆ ಸೀಮೆಸುಣ್ಣ ಮುರಿಯಿತು.

"ಎಂಟು ಹ ಬಿದ್ದೋದ್ವು ಮೇಡಂ," ಎಂದಳು. "ಸಾವಿರ ವರ್ಷದ ಹಿಂದೆ ಇವೆಲ್ಲದರ ಮುಂದೂ ಹ ಇತ್ತು. ಹ್ರಿಂಗ್ ಅಂತಿದ್ರು. ಮುತ್ತುಸ್ವಾಮಿ ಒಂದೂ ಹೇಳ್ಲಿಲ್ಲ. ಮೂರು ಹೋದ್ರೆ ಸೇಲಂ ಇಲ್ಲ ಅಂದಿದ್ರಿ, ಯಾರೇ ಆಗಿರ್ಲಿ."

"ಇದು ಮೋಸ!" ಎಂದ ಮುತ್ತುಸ್ವಾಮಿ.

"ಮೋಸ ಅಲ್ಲ ಮುತ್ತು. ಅಲ್ಲೂ ಯಾವಳೋ ಒಬ್ಳು ಅಜ್ಜಿ ಒಲೆ ಮುಂದೆ ಕೂತು ರಿಂಗ್ ಅಂದಿರ್ತಾಳೆ. ಓದಿದೋರು ಅವಳನ್ನ ನೋಡಿ ನಕ್ಕಿರ್ತಾರೆ. ಕೊನೆಗೆ ಓದಿದೋರೂ ರಿಂಗ್ ಅಂದ್ರು. ನಗು ಅನ್ನೋ ಅವರ ಪದದ್ದೇ ಹ ಬಿದ್ದೋಯ್ತು. ನಮ್ಮನೇಲಿ ಅದೊಂದೇ ಉಳ್ಕೊಂಡಿರೋದು, ನಗೋವಾಗ."

ಇಷ್ಟು ಹೇಳುವಾಗ ಎಷ್ಟು ಹ ಬಂದವು, ಎಷ್ಟು ಹೋದವು ಎಂದು ಎಣಿಸಲು ಪುಸ್ತಕ ತೆರೆದಿಟ್ಟುಕೊಂಡಿದ್ದ ನಾನು ಎಣಿಸುವುದನ್ನೇ ಮರೆತಿದ್ದೆ. ಮೇಡಂ ಹಲಗೆಯ ಗೀಟುಗಳನ್ನು ನೋಡುತ್ತಿದ್ದರು.

ಹಿಂದಿನ ಬೆಂಚಿನಿಂದ ಅವ್ವ ಕ್ಯಾರಿಯರ್ ಹಿಡಿದು ಎದ್ದಳು. ತರಗತಿಯಲ್ಲಿ ನಡೆದದ್ದು ಅವಳಿಗೆ ಅರ್ಧ ತಿಳಿದಿತ್ತು, ಅರ್ಧ ತಿಳಿದಿರಲಿಲ್ಲ. ತಮಿಳಿನಲ್ಲಿ ಘೋಷಿಸಿದಳು: "ನಾನ್ ದಾನ್ ಲೇಡಿ!" ಆ ಲೇಡಿ ನಾನೇ. "ಇಟ್ಟು ತಂದಿವ್ನಿ. ತಿನ್ನೋರು ಯಾರು?"

ರಂಗನಾಯಕಿ ಮೇಡಂಗೆ ತಡೆಯಲಾಗಲಿಲ್ಲ. ಡಸ್ಟರ್ ಕೆಳಗಿಟ್ಟು, ಸೆರಗು ಬಾಯಿಗೆ ಹಿಡಿದು ನಕ್ಕರು. ಸೆರಗು ಹಾರಿತು. ಹತ್ತಿರದಲ್ಲಿ ಬತ್ತಿ ಇದ್ದಿದ್ದರೆ ಖಂಡಿತ ಆರುತ್ತಿತ್ತು.

"ಮುತ್ತುಸ್ವಾಮೀ, ನೀ ಉಕ್ಕಾರು," ಎಂದು ಅವನನ್ನು ಕೂರಿಸಿ, ರೋಜಾಳ ಕಡೆ ತಿರುಗಿದರು. "ಅಂಗೇಯುಂ ಇಂದ ಎಟ್ಟು ಕೋಡು ಪೋಡು. ಸೇಲತ್ತುಕ್ಕು ನೀಯೇ ಪೋ."

ಅಲ್ಲಿಯೂ ಆ ಎಂಟು ಗೀಟು ಹಾಕು, ಸೇಲಂಗೆ ನೀನೇ ಹೋಗು ಎಂದಂತಾಯಿತು. ಮುತ್ತುಸ್ವಾಮಿ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು ಕೂತಿದ್ದು, ಆಮೇಲೆ ಕ್ಯಾರಿಯರಿನ ಹತ್ತಿರ ಬಂದು ಸೊಪ್ಪಿನ ಸಾರಿನ ಜೊತೆ ಎರಡು ಮುದ್ದೆ ತಿಂದ. ಅವನಿಗೆ ಏನೆನ್ನುತ್ತಾರೆ ಎಂದು ಅವ್ವ ರೋಜಾಳ ಕಿವಿಯಲ್ಲಿ ಕೇಳಿ ತಿಳಿದುಕೊಂಡಳು.

ರೋಜಾ ಮಾತ್ರ ಇನ್ನೂ ಹಲಗೆಯ ಪಕ್ಕದಲ್ಲೇ ನಿಂತಿದ್ದಳು, ಕೇಳಿದ್ದು ನಿಜವೋ ಅಲ್ಲವೋ ಎಂಬಂತೆ. "ನಿಜ್ವಾಗ್ಲೂ ನಾನೇನಾ?"

"ಪೋ ಮಾ," ಎಂದರು ಮೇಡಂ.

"ಹೋಗು," ಎಂದೆ ನಾನು.

"ಓಗವ್ವಾ," ಎಂದಳು ಗುಂಡಮ್ಮ.